ಇಪ್ಪತ್ತು ಮುಖದ ದಾಳದಲ್ಲಿ ಒಂದು ಪ್ಲಸ್ಸಿನ ಬೆಲೆ

ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದಲ್ಲಿ ಕಾಳಗ ಶುರುವಾದೊಡನೆ ಬಹುತೇಕ ಆಟಗಾರರು ಕೇಳುವುದು ‘ನನಗೆ ಎಷ್ಟು ಪ್ಲಸ್ ಸಿಗುತ್ತದೆ?’ ಎಂದು, ಅಂದರೆ ದಾಳದಲ್ಲಿ ಬಿದ್ದ ಸಂಖ್ಯೆಗೆ ಎಷ್ಟು ಕೂಡಿಕೊಳ್ಳಬಹುದು ಎಂದು. ಎತ್ತರದಲ್ಲಿ ನಿಂತರೆ ಎಷ್ಟು, ಶತ್ರುವಿನ ಬೆನ್ನ ಹಿಂದೆ ಹೋದರೆ ಎಷ್ಟು, ಗೆಳೆಯನಿಂದ ಮಂತ್ರ ಹಾಕಿಸಿಕೊಂಡರೆ ಎಷ್ಟು ಎಂಬ ವಿಚಾರಣೆ ಮೇಜಿನ ಸುತ್ತ ನಡೆಯುತ್ತಲೇ ಇರುತ್ತದೆ. ಆಟ ನಡೆಸಿಕೊಡುವ ಗೇಮ್ ಮಾಸ್ಟರ್ ಆಗಿ ಪರದೆಯ ಹಿಂದೆ ಕೂತು ಈ ಲೆಕ್ಕಾಚಾರಗಳಿಗೆ ಕಿವಿಗೊಡುತ್ತ ಬಂದಿರುವ ನನ್ನ ಅಭಿಪ್ರಾಯವೆಂದರೆ, ಪ್ಲಸ್ಸಿಗೆ ನಿಗದಿತವಾದ ಬೆಲೆ ಎಂಬುದೇ ಇಲ್ಲ. ಗುರಿ ಮುಟ್ಟಲು ದಾಳದಲ್ಲಿ ಎಷ್ಟು ಬೀಳಬೇಕಾಗಿದೆ, ಬಿದ್ದರೆ ಶತ್ರುವಿನ ಕೈಯಿಂದ ಏನು ಕಳಚುತ್ತದೆ, ಬೀಳದಿದ್ದರೆ ನಮಗೇನಾಗುತ್ತದೆ ಎಂಬ ಮೂರು ಸಂಗತಿಗಳ ಮೇಲೆ ಅದೇ ಒಂದು ಪ್ಲಸ್ ಒಮ್ಮೆ ಬಂಗಾರವಾಗುತ್ತದೆ, ಒಮ್ಮೆ ಕವಡೆಗೂ ಬಾಳುವುದಿಲ್ಲ. ಇಲ್ಲಿನ ಹೆಚ್ಚಿನ ಉದಾಹರಣೆಗಳನ್ನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ಐದನೇ ಆವೃತ್ತಿಯಿಂದ ಆರಿಸಿಕೊಂಡಿದ್ದೇನೆ, ಏಕೆಂದರೆ ಹೆಚ್ಚು ಜನ ಆಡಿರುವುದು ಅದನ್ನೇ.

ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಮುಖ ಬೀಳುವ ಸಾಧ್ಯತೆ ಶೇ 5. ಆದ್ದರಿಂದ ದಾಳಿಯ ಮೊತ್ತಕ್ಕೆ ಒಂದು ಕೂಡಿದರೆ ಗುರಿ ಮುಟ್ಟುವ ಸಾಧ್ಯತೆ ಐದು ಅಂಶ ಏರುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಐದು ಅಂಶ ಎಲ್ಲಿಂದ ಎಲ್ಲಿಗೆ ಏರಿತು ಎಂಬುದನ್ನು ನೋಡುವವರು ಕಡಿಮೆ. ದಾಳದಲ್ಲಿ 20 ಬಿದ್ದರೆ ಮಾತ್ರ ತಾಗುವ ಸ್ಥಿತಿಯಲ್ಲಿದ್ದವನಿಗೆ ಒಂದು ಪ್ಲಸ್ ಸಿಕ್ಕರೆ ಅವನ ಸಾಧ್ಯತೆ ಶೇ 5ರಿಂದ 10ಕ್ಕೆ ಹೋಗಿ ನೇರವಾಗಿ ಇಮ್ಮಡಿಯಾಗುತ್ತದೆ. 11 ಬೇಕಾಗಿದ್ದವನಿಗೆ ಅದೇ ಪ್ಲಸ್ ಶೇ 50ನ್ನು 55 ಮಾಡುತ್ತದೆ, ಅಂದರೆ ಅವನ ಹೊಡೆತಗಳು ಹತ್ತರಲ್ಲಿ ಒಂದು ಪಾಲು ಹೆಚ್ಚುತ್ತವೆ. 2 ಬಿದ್ದರೂ ತಾಗುತ್ತದೆ ಎನ್ನುವಂಥ ನಿಪುಣನಿಗೆ ಅದರಿಂದ ಏನೂ ಸಿಗುವುದಿಲ್ಲ, ಏಕೆಂದರೆ ಏನನ್ನೂ ಕೂಡುವ ಮುನ್ನ ದಾಳದ ಮುಖದಲ್ಲೇ 1 ಬಿದ್ದರೆ, ಅಂದರೆ ಸಹಜ 1 ಆದರೆ, ದಾಳಿ ಹೇಗಿದ್ದರೂ ತಪ್ಪುತ್ತದೆ.

ರಕ್ಷಣೆಯ ಕಡೆಯಿಂದ ನೋಡಿದರೆ ಈ ಲೆಕ್ಕ ಇನ್ನೂ ಸ್ವಾರಸ್ಯಕರವಾಗುತ್ತದೆ. 2014ರ ನಿಯಮಗಳ ಗಾಬ್ಲಿನ್ ಎಂಬ ಸಣ್ಣ ರಾಕ್ಷಸ ಜೀವಿ ದಾಳಿಗೆ 4 ಕೂಡಿಕೊಳ್ಳುತ್ತದೆ. ಆರ್ಮರ್ ಕ್ಲಾಸ್ (ಏಟು ತಾಗಲು ದಾಳಿಯ ಮೊತ್ತ ಮುಟ್ಟಬೇಕಾದ ರಕ್ಷಣೆಯ ಅಂಕ) 13 ಇರುವ ಮಂತ್ರವಾದಿಯನ್ನು ತಾಗಲು ಅದಕ್ಕೆ ದಾಳದಲ್ಲಿ 9 ಸಾಕು, ಅಂದರೆ ಸಾಧ್ಯತೆ ಶೇ 60. ಆ ಮಂತ್ರವಾದಿಗೆ ಹೇಗೋ ಎರಡು ಅಂಕ ರಕ್ಷಣೆ ಸಿಕ್ಕರೆ ಅದು ಶೇ 50ಕ್ಕೆ ಇಳಿಯುತ್ತದೆ; ಬೀಳುವ ಏಟುಗಳಲ್ಲಿ ಆರರಲ್ಲಿ ಒಂದು ಪಾಲು ತಪ್ಪಿತು. ಅದೇ ಎರಡು ಅಂಕದ ಗುರಾಣಿಯನ್ನು ಆರ್ಮರ್ ಕ್ಲಾಸ್ 18ರ ಪೂರ್ಣ ಕವಚಧಾರಿ ಎತ್ತಿಕೊಂಡರೆ ಗಾಬ್ಲಿನ್‌ನ ಸಾಧ್ಯತೆ ಶೇ 35ರಿಂದ 25ಕ್ಕೆ ಬರುತ್ತದೆ. ಏಳರಲ್ಲಿ ಎರಡು ಪಾಲು ಏಟುಗಳು ಮಾಯವಾದವು. ಅವನ ಮೇಲೆ ಇನ್ನೂ ಐದು ಅಂಕದ ತಾತ್ಕಾಲಿಕ ರಕ್ಷಣೆ ಬಿದ್ದರೆ ಸಹಜ 20 ಬಿದ್ದಾಗ ಮಾತ್ರ ಗಾಬ್ಲಿನ್ ತಾಗಬಲ್ಲದು, ಆಗ ಉಳಿಯುವುದು ಶೇ 5, ಅಂದರೆ ಮೊದಲಿನ ಐದರಲ್ಲಿ ಒಂದು ಪಾಲು. ಕವಚ ಹೆಚ್ಚಿದಷ್ಟೂ ಮುಂದಿನ ಒಂದೊಂದು ಅಂಕದ ಬೆಲೆ ಏರುತ್ತ ಹೋಗುವುದು ಹೀಗೆ. ಉಳ್ಳವನಿಗೇ ಇನ್ನಷ್ಟು ಕೊಡುವುದು ನ್ಯಾಯವಲ್ಲ ಎನಿಸಿದರೂ, ಬಾಗಿಲಲ್ಲಿ ಒಬ್ಬನೇ ನಿಂತು ಎಲ್ಲ ಏಟು ತಡೆಯುವ ಯೋಜನೆಯಿದ್ದಾಗ ರಕ್ಷಣೆಯ ಮಂತ್ರ, ಅಡ್ಡಮರೆ, ಏಟು ತಪ್ಪಿಸಿಕೊಳ್ಳುವ ಡಾಡ್ಜ್ ಕ್ರಿಯೆ ಎಲ್ಲವನ್ನೂ ಅವನೊಬ್ಬನಿಗೇ ಸುರಿಯುವುದು ಲೆಕ್ಕಕ್ಕೆ ಸರಿಹೋಗುತ್ತದೆ. ಶತ್ರುಗಳು ಅವನನ್ನು ಸುತ್ತುಹಾಕಿ ಹಿಂದೆ ಹೋಗುವಂತಿದ್ದರೆ ಮಾತ್ರ ಈ ಲೆಕ್ಕ ಕುಸಿಯುತ್ತದೆ, ಮತ್ತು ಬುದ್ಧಿಯಿರುವ ಶತ್ರುಗಳು ಹಾಗೆಯೇ ಮಾಡಬೇಕು ಎಂಬುದು ಗೇಮ್ ಮಾಸ್ಟರ್ ಆಗಿ ನನ್ನ ನಂಬಿಕೆ.

ಐದನೇ ಆವೃತ್ತಿಯ ದೊಡ್ಡ ಬದಲಾವಣೆಯೆಂದರೆ ಅಡ್ವಾಂಟೇಜ್. ಅನುಕೂಲಕರ ಸ್ಥಿತಿಯಲ್ಲಿದ್ದರೆ ಸಣ್ಣಪುಟ್ಟ ಅಂಕಗಳನ್ನು ಕೂಡುವ ಬದಲು ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳಬೇಕು. ಪ್ರತಿಕೂಲ ಸ್ಥಿತಿಯಾದರೆ, ಅಂದರೆ ಡಿಸ್‌ಅಡ್ವಾಂಟೇಜ್ ಇದ್ದರೆ, ಕಡಿಮೆಯದನ್ನು. ಇದು ಐದು ಅಂಕ ಕೂಡಿದಂತೆ ಎಂಬ ಮಾತು ಆಟಗಾರರ ನಡುವೆ ರೂಢಿಯಲ್ಲಿದೆ, ಮತ್ತು ದಾಳ ಉರುಳಿಸದೆಯೇ ಲೆಕ್ಕ ಹಾಕುವ ಪ್ಯಾಸಿವ್ ಪರೀಕ್ಷೆಗಳಲ್ಲಿ ನಿಯಮಪುಸ್ತಕವೇ ಐದನ್ನು ಕೂಡಲು ಹೇಳುವುದರಿಂದ ಆ ಮಾತಿಗೆ ಬಲವೂ ಬಂದಿದೆ. ಅದು ಅರ್ಧಸತ್ಯ. ಒಂದು ದಾಳದ ಸರಾಸರಿ 10.5, ಅಡ್ವಾಂಟೇಜ್ ಇದ್ದಾಗ 13.825, ಹಾಗಾಗಿ ಸರಾಸರಿ ಲಾಭ ಮೂರು ಚಿಲ್ಲರೆ ಅಂಕ ಮಾತ್ರ. ಆದರೆ ಕಾಳಗದಲ್ಲಿ ಸರಾಸರಿ ಯಾರಿಗೂ ಬೇಕಾಗಿಲ್ಲ, ಬೇಕಾದ ಸಂಖ್ಯೆ ಮುಟ್ಟುತ್ತದೆಯೇ ಎಂಬುದಷ್ಟೇ ಬೇಕು. 11 ಬೇಕಾದಾಗ ಎರಡೂ ದಾಳ ತಪ್ಪುವ ಸಾಧ್ಯತೆ ಅರ್ಧದ ಅರ್ಧ, ಅಂದರೆ ಕಾಲು. ಆದ್ದರಿಂದ ತಾಗುವ ಸಾಧ್ಯತೆ ಶೇ 50ರಿಂದ 75ಕ್ಕೆ ನೆಗೆಯುತ್ತದೆ. ಇಲ್ಲಿ ಅದು ನಿಜಕ್ಕೂ ಐದು ಅಂಕಕ್ಕೆ ಸಮ. 6 ಅಥವಾ 16 ಬೇಕಾದಾಗ ಲಾಭ 18.75 ಅಂಶ, ಅಂದರೆ ನಾಲ್ಕು ಅಂಕಕ್ಕೂ ತುಸು ಕಡಿಮೆ. 20 ಬೇಕಾದಾಗ ಶೇ 5 ಹೋಗಿ 9.75 ಆಗುತ್ತದೆ, ಒಂದು ಅಂಕಕ್ಕೂ ಸಮನಾಗುವುದಿಲ್ಲ. ನಡುವಿನಲ್ಲಿ ಉಬ್ಬಿ ಎರಡೂ ತುದಿಗಳಲ್ಲಿ ಸೊರಗುವ ಲಾಭ ಇದು.

ಇದರಿಂದ ಹೊರಡುವ ತಂತ್ರ ಸರಳವಾದದ್ದು, ಆದರೂ ಮೇಜಿನಲ್ಲಿ ಮರೆತುಹೋಗುವಂಥದ್ದು: ಅಡ್ವಾಂಟೇಜನ್ನು ಯಾರಿಗಾದರೂ ಹಂಚುವ ಅವಕಾಶವಿದ್ದರೆ ಅದು 8ರಿಂದ 14ರ ನಡುವಿನ ಸಂಖ್ಯೆ ಬೇಕಾಗಿರುವ, ಒಂದೇ ಏಟಿಗೆ ಹೆಚ್ಚು ಹಾನಿ ಮಾಡಬಲ್ಲ ಗೆಳೆಯನಿಗೆ ಹೋಗಬೇಕು. ಇನ್ನೊಂದು ನಿಯಮವೂ ಇದಕ್ಕೆ ಸೇರಿಕೊಂಡಿದೆ. ಅಡ್ವಾಂಟೇಜ್ ಮೇಲೆ ಅಡ್ವಾಂಟೇಜ್ ಬಂದರೆ ಮೂರನೇ ದಾಳ ಸಿಗುವುದಿಲ್ಲ, ಮತ್ತು ಒಂದೇ ಒಂದು ಡಿಸ್‌ಅಡ್ವಾಂಟೇಜ್ ಎಷ್ಟೇ ಅಡ್ವಾಂಟೇಜ್‌ಗಳಿದ್ದರೂ ಎಲ್ಲವನ್ನೂ ತೊಳೆದುಹಾಕುತ್ತದೆ. ಶತ್ರು ನೆಲಕ್ಕೆ ಬಿದ್ದಿದ್ದಾನೆ, ಕುರುಡಾಗಿದ್ದಾನೆ, ಬಲೆಗೆ ಸಿಕ್ಕಿದ್ದಾನೆ ಎಂದು ಮೂವರು ಮೂರು ಸರದಿ ಖರ್ಚುಮಾಡಿ ಒಂದೇ ಅನುಕೂಲವನ್ನು ಮೂರು ಸಲ ಕೊಳ್ಳುವ ದೃಶ್ಯವನ್ನು ನಾನು ಪರದೆಯ ಹಿಂದಿನಿಂದ ಮೌನವಾಗಿ ನೋಡಿದ್ದೇನೆ. ಹೇಳಿಕೊಡುವುದು ಗೇಮ್ ಮಾಸ್ಟರ್‌ನ ಕೆಲಸವಲ್ಲ.

ಹೆಲ್ಪ್ ಎಂಬ ಕ್ರಿಯೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ತನ್ನ ದಾಳಿಯನ್ನು ಬಿಟ್ಟುಕೊಟ್ಟು ಗೆಳೆಯನ ಮುಂದಿನ ದಾಳಿಗೆ ಅಡ್ವಾಂಟೇಜ್ ಕೊಡುವ ಈ ಕ್ರಿಯೆ ಉದಾರವಾಗಿ ಕಾಣುತ್ತದೆ, ಹೊಸಬರಿಗೆ ಇಷ್ಟವೂ ಆಗುತ್ತದೆ. ಇಬ್ಬರಿಗೂ ದಾಳದಲ್ಲಿ 8 ಬೇಕಾಗಿದೆ ಎಂದುಕೊಳ್ಳಿ. ಸಾಧ್ಯತೆ ಶೇ 65. ನೆರವು ಸಿಕ್ಕ ಗೆಳೆಯನ ಸಾಧ್ಯತೆ ಶೇ 87.75 ಆಗುತ್ತದೆ, ಅಂದರೆ 22.75 ಅಂಶದ ಗಳಿಕೆ. ಅದಕ್ಕಾಗಿ ಬಿಟ್ಟುಕೊಟ್ಟದ್ದು ಶೇ 65ರ ಒಂದು ದಾಳಿ. ಗೆಳೆಯನ ಏಟು ನಿಮ್ಮ ಏಟಿಗಿಂತ ಸುಮಾರು ಮೂರು ಪಟ್ಟು ಬಲವಾಗಿದ್ದರೆ ಮಾತ್ರ ಈ ವ್ಯಾಪಾರ ಗಿಟ್ಟುತ್ತದೆ. ಸ್ನೀಕ್ ಅಟ್ಯಾಕ್ ಎಂಬ ಮರೆಯೇಟಿನಲ್ಲಿ ಹಿಡಿ ತುಂಬ ಹಾನಿಯ ದಾಳಗಳಿರುವ ರೋಗ್ (ಕಳ್ಳನ ಬಗೆಯ ಪಾತ್ರ) ಒಬ್ಬನಿಗೆ ಆ ಏಟು ಹೊಡೆಯಲು ಅಡ್ವಾಂಟೇಜ್ ಬಿಟ್ಟರೆ ಬೇರೆ ದಾರಿಯೇ ಇಲ್ಲದಾಗ, ಅಥವಾ ನಿಮ್ಮ ಕೈಯಲ್ಲಿ ಉಳಿದಿರುವುದು ಒಂದು ಸಣ್ಣ ಚಾಕು ಮಾತ್ರ ಆಗಿದ್ದಾಗ ಹೆಲ್ಪ್ ಸರಿಯಾದ ಆಯ್ಕೆ. ಉಳಿದಂತೆ ಹೊಡೆಯುವುದೇ ವಾಸಿ. ಬ್ಲೆಸ್ ಮಂತ್ರದ ಗಣಿತ ಇದಕ್ಕೆ ವ್ಯತಿರಿಕ್ತ. ಅದು ಮೂವರಿಗೆ ನಾಲ್ಕು ಮುಖದ ಒಂದು ದಾಳವನ್ನು ಕೂಡಿಸುತ್ತದೆ, ಸರಾಸರಿ 2.5, ಅಂದರೆ ತಲಾ 12.5 ಅಂಶ. ಮೂವರೂ ಸುತ್ತಿಗೆ ಒಮ್ಮೆ ದಾಳಿ ಮಾಡಿದರೆ ಪ್ರತಿ ಸುತ್ತಿನಲ್ಲಿ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಏಟು ಹೆಚ್ಚುವರಿಯಾಗಿ ತಾಗುತ್ತದೆ. ಮಂತ್ರ ಹಾಕಿದವನು ಕಳೆದುಕೊಂಡ ಒಂದು ದಾಳಿ ಎರಡೇ ಸುತ್ತುಗಳಲ್ಲಿ ವಸೂಲಾಗಿ, ಆಮೇಲಿನದೆಲ್ಲ ಲಾಭ. ಕಾಳಗ ಇನ್ನೊಂದು ಸುತ್ತಿನಲ್ಲಿ ಮುಗಿಯುವಂತಿದ್ದರೆ ಬ್ಲೆಸ್ ಹಾಕುವುದು ವ್ಯರ್ಥ, ಕಾಳಗದ ಮೊದಲ ಸರದಿಯಲ್ಲಿ ಹಾಕದಿರುವುದೂ ಹಾಗೆಯೇ.

2014ರ ಗ್ರೇಟ್ ವೆಪನ್ ಮಾಸ್ಟರ್ ಎಂಬ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಬಗ್ಗೆ ನಡೆದಷ್ಟು ವಾಗ್ವಾದ ಬೇರೆ ಯಾವುದರ ಬಗ್ಗೆಯೂ ನಡೆದಿರಲಾರದು. ದಾಳಿಯಿಂದ ಐದು ಕಳೆದು ಹಾನಿಗೆ ಹತ್ತು ಕೂಡಿಕೊಳ್ಳುವ ಅವಕಾಶ ಅದು. 2024ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಟ್ಟರು. ಎರಡು ಆರುಮುಖದ ದಾಳ ಮತ್ತು ನಾಲ್ಕು ಅಂಕದ ಹಾನಿ ಮಾಡುವ ಯೋಧನ ಸರಾಸರಿ ಏಟು 11, ಫೀಟ್ ಬಳಸಿದರೆ 21. ಸಹಜ 20 ಬಿದ್ದಾಗ ಹಾನಿಯ ದಾಳಗಳು ಇಮ್ಮಡಿಯಾಗುವ ಕ್ರಿಟಿಕಲ್‌ಗಳನ್ನು ಸದ್ಯಕ್ಕೆ ಬದಿಗಿಟ್ಟು ನೋಡಿದರೆ, ಸಾಧಾರಣ ದಾಳಿಗೆ 10 ಅಥವಾ ಅದಕ್ಕಿಂತ ಕಡಿಮೆ ಬೇಕಾಗಿರುವಾಗ ಫೀಟ್ ಲಾಭ, 11 ಅಥವಾ ಹೆಚ್ಚು ಬೇಕಾದಾಗ ನಷ್ಟ. ಅಡ್ವಾಂಟೇಜ್ ಇದ್ದರೆ ಈ ಗಡಿ ಬಹಳ ದೂರ ಸರಿಯುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಲೆಕ್ಕ ಹಾಕಿದರೆ ಅದು ಸರಿಯುವುದು ಒಂದೇ ಅಂಕ, 10ರಿಂದ 11ಕ್ಕೆ. ನಿಜವಾದ ವ್ಯತ್ಯಾಸ ಲಾಭದ ಗಾತ್ರದಲ್ಲಿದೆ. 8 ಬೇಕಾಗಿರುವ ಯೋಧನಿಗೆ ಅಡ್ವಾಂಟೇಜ್ ಇಲ್ಲದಾಗ ಫೀಟ್‌ನಿಂದ ಸರಾಸರಿ ಹಾನಿ 7.15 ಹೋಗಿ 8.4 ಆಗುತ್ತದೆ; ಅಡ್ವಾಂಟೇಜ್ ಇದ್ದಾಗ 9.65 ಹೋಗಿ 13.44 ಆಗುತ್ತದೆ. ಗಳಿಕೆ ಮೂರು ಪಟ್ಟಾಯಿತು.

ಆದರೂ ಈ ಯೋಧ ಗಾಬ್ಲಿನ್ ಎದುರು ಫೀಟ್ ಬಳಸಿದರೆ ನಾನು ಮನಸ್ಸಿನಲ್ಲೇ ನಗುತ್ತೇನೆ. ಗಾಬ್ಲಿನ್‌ಗಿರುವ ಹಿಟ್ ಪಾಯಿಂಟ್, ಅಂದರೆ ಬೀಳುವ ಮುನ್ನ ತಾಳಬಲ್ಲ ಹಾನಿಯ ಅಂಕ, ಏಳು. ಅವನ ಸಾಧಾರಣ ಏಟು ಏಳಕ್ಕಿಂತ ಕಡಿಮೆಯಾಗುವುದು ಎರಡೂ ದಾಳಗಳಲ್ಲಿ ಒಂದೊಂದೇ ಬಿದ್ದಾಗ ಮಾತ್ರ, 36ರಲ್ಲಿ ಒಮ್ಮೆ. ಹೆಚ್ಚುವರಿ ಹತ್ತು ಅಂಕದ ಹಾನಿ ಹೆಣದ ಮೇಲೆ ಬೀಳುತ್ತದೆ, ಅದಕ್ಕಾಗಿ ತೆತ್ತದ್ದು 25 ಅಂಶದ ಸಾಧ್ಯತೆ. ಸರಾಸರಿ ಹಾನಿ ಎಂಬ ಸಂಖ್ಯೆ ಆಟಗಾರರನ್ನು ದಾರಿ ತಪ್ಪಿಸುವುದು ಹೀಗೆ. ಶತ್ರುವಿನ ಹಿಟ್ ಪಾಯಿಂಟ್ ಬ್ಯಾಂಕ್ ಖಾತೆಯಂತೆ ಸ್ವಲ್ಪ ಸ್ವಲ್ಪವಾಗಿ ಕರಗುತ್ತ ಹೋಗಬಹುದು, ಆದರೆ ಅವನ ಕತ್ತಿಯ ಬಲ ಹಾಗೆ ಕರಗುವುದಿಲ್ಲ. ಒಂದೇ ಒಂದು ಪಾಯಿಂಟ್ ಉಳಿದ ಗಾಬ್ಲಿನ್ ಪೂರ್ತಿ ಏಳಿದ್ದ ಗಾಬ್ಲಿನ್‌ನಷ್ಟೇ ಜೋರಾಗಿ ಹೊಡೆಯುತ್ತದೆ. ಆದ್ದರಿಂದ ಕೇಳಬೇಕಾದದ್ದು ಎಷ್ಟು ಹಾನಿ ಎಂದಲ್ಲ, ಎಷ್ಟು ಏಟಿಗೆ ಬೀಳುತ್ತದೆ ಎಂದು.

ಈ ಒಂದು ಏಟನ್ನೇ ಬಿಡಿಸಿ ನೋಡಬಹುದು. ಎಂಟು ಮುಖದ ದಾಳಕ್ಕೆ ಮೂರು ಕೂಡಿಸುವ ಉದ್ದ ಕತ್ತಿಯ ಸರಾಸರಿ ಹಾನಿ 7.5. ಏಳು ಹಿಟ್ ಪಾಯಿಂಟ್‌ನ ಗಾಬ್ಲಿನ್ ಒಂದೇ ಏಟಿಗೆ ಬೀಳಬೇಕು ಎಂದು ಅನಿಸುತ್ತದೆ. ಆದರೆ ಅದಕ್ಕೆ ಹಾನಿಯ ದಾಳದಲ್ಲಿ ಕನಿಷ್ಠ 4 ಬೀಳಬೇಕು, ಎಂಟರಲ್ಲಿ ಐದು ಸಲ ಮಾತ್ರ ಅದು ಸಾಧ್ಯ. ತಾಗಿದ ಏಟುಗಳಲ್ಲೂ ಶೇ 37.5ರಷ್ಟು ಸಲ ಅದು ನಿಂತೇ ಇರುತ್ತದೆ. ದಾಳಿಗೆ 5 ಕೂಡಿಕೊಳ್ಳುವ ಯೋಧ ಆರ್ಮರ್ ಕ್ಲಾಸ್ 15ರ ಗಾಬ್ಲಿನ್‌ನನ್ನು ತಾಗುವುದೇ ಶೇ 55ರಷ್ಟು ಸಲ. ಕ್ರಿಟಿಕಲ್ ಏಟುಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಂದು ಬೀಸಿಗೆ ಒಂದು ಗಾಬ್ಲಿನ್ ಸಾಯುವ ಸಾಧ್ಯತೆ ಸುಮಾರು ಶೇ 36. ಅದೇ ಯೋಧನಿಗೆ ಹಾನಿಯಲ್ಲಿ ಎರಡು ಅಂಕ ಹೆಚ್ಚಿಸುವ ಡ್ಯುಯೆಲಿಂಗ್ ಶೈಲಿ ಇದ್ದರೆ ತಾಗಿದ ಏಟು ಎಂಟರಲ್ಲಿ ಏಳು ಸಲ ಗಾಬ್ಲಿನ್‌ನನ್ನು ಕೊಲ್ಲುತ್ತದೆ. ಹನ್ನೊಂದು ಹಿಟ್ ಪಾಯಿಂಟ್‌ನ ಹಾಬ್‌ಗಾಬ್ಲಿನ್ ಎದುರು ಈ ಎರಡು ಅಂಕ ಒಂದೇ ಏಟಿನ ಮರಣವನ್ನು ಎಂಟರಲ್ಲಿ ಒಂದರಿಂದ ಎಂಟರಲ್ಲಿ ಮೂರಕ್ಕೆ ಏರಿಸುತ್ತದೆ. ಸರಾಸರಿ ಏರಿದ್ದು ಕಾಲು ಪಾಲಿಗಿಂತ ತುಸು ಹೆಚ್ಚು, ಫಲಿತಾಂಶ ಏರಿದ್ದು ಮೂರು ಪಟ್ಟು.

ಇದರ ಮುಂದಿನ ಹೆಜ್ಜೆ ಎಲ್ಲರೂ ಸೇರಿ ಒಬ್ಬನನ್ನೇ ಹೊಡೆಯುವುದು. ನಾಲ್ವರು ವೀರರು, ಪ್ರತಿಯೊಬ್ಬರಿಂದ ಸುತ್ತಿಗೆ ಸರಾಸರಿ ಏಳು ಹಾನಿ. ಎದುರಿಗೆ ಹದಿನಾಲ್ಕು ಹಿಟ್ ಪಾಯಿಂಟ್‌ನ ನಾಲ್ಕು ಶತ್ರುಗಳು. ವೀರರದ್ದೇ ಮೊದಲ ಸರದಿ. ತಮಗೊಬ್ಬೊಬ್ಬ ಎಂದು ಹಂಚಿಕೊಂಡು ಹೊಡೆದರೆ ಮೊದಲ ಸುತ್ತಿನ ಕೊನೆಗೆ ನಾಲ್ವರೂ ಅರ್ಧ ಗಾಯಗೊಂಡು ನಿಂತಿರುತ್ತಾರೆ, ನಾಲ್ಕು ದಾಳಿ ತಿರುಗಿ ಬರುತ್ತವೆ, ಎರಡನೇ ಸುತ್ತಿನಲ್ಲಿ ಎಲ್ಲರೂ ಸಾಯುತ್ತಾರೆ. ಇಬ್ಬಿಬ್ಬರು ಒಬ್ಬೊಬ್ಬನನ್ನು ಹೊಡೆದರೆ ಮೊದಲ ಸುತ್ತಿನಲ್ಲೇ ಇಬ್ಬರು ಉರುಳುತ್ತಾರೆ, ತಿರುಗಿ ಬರುವುದು ಎರಡೇ ದಾಳಿ. ಮಾಡಿದ ಹಾನಿ ಅಷ್ಟೇ, ಹಿಡಿದ ಸಮಯವೂ ಅಷ್ಟೇ, ತಿಂದ ಏಟು ಅರ್ಧ. ಯಾವ ಮಂತ್ರವೂ, ಯಾವ ಆಯುಧವೂ ಇಷ್ಟು ಅಗ್ಗಕ್ಕೆ ಇಂಥ ಅನುಕೂಲ ಕೊಡುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ಎಂಜಿನಿಯರ್ ಇದೇ ತರ್ಕವನ್ನು ಸಮೀಕರಣವಾಗಿ ಬರೆದ. ದೂರದಿಂದ ಎಲ್ಲರೂ ಎಲ್ಲರನ್ನೂ ಗುರಿಯಿಡಬಹುದಾದ ಯುದ್ಧದಲ್ಲಿ ಪಡೆಯ ಬಲ ಅದರ ಸಂಖ್ಯೆಯ ವರ್ಗದಂತೆ ಏರುತ್ತದೆ ಎಂಬುದು ಅದರ ಸಾರ. ಬಲ ಸಮಾನವಾಗಿದ್ದರೆ ಇಬ್ಬರಿಗೆ ಎದುರಾಗಿ ನಿಂತ ನಾಲ್ವರು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬಲಿಷ್ಠರು. ಒಬ್ಬರ ಎದುರು ಒಬ್ಬರೇ ನಿಲ್ಲಬಹುದಾದ ಇಕ್ಕಟ್ಟಿನಲ್ಲಿ ಈ ವರ್ಗ ಕಳಚಿ ಸಂಖ್ಯೆ ಸಾದಾ ಸಂಖ್ಯೆಯಾಗುತ್ತದೆ. ಸಂಖ್ಯೆಯಲ್ಲಿ ಕಡಿಮೆಯಿರುವ ಗುಂಪು ಕಿರಿದಾದ ಬಾಗಿಲಿಗೆ ಹಿಂದೆಗೆಯಬೇಕು, ಹೆಚ್ಚಿರುವ ಗುಂಪು ಬಯಲಿಗೆ ಎಳೆಯಬೇಕು ಎಂಬ ಹಳೆಯ ಬುದ್ಧಿಮಾತಿನ ಗಣಿತ ಇದೇ.

ಗುಣಪಡಿಸುವ ಮಂತ್ರಕ್ಕೂ ಇದೇ ಅಳತೆಗೋಲು ಹಿಡಿಯಬಹುದು. ಮೊದಲ ಹಂತದ ಕ್ಯೂರ್ ವೂಂಡ್ಸ್ ಸರಾಸರಿ ಏಳೂವರೆ ಪಾಯಿಂಟ್ ಹಿಂದಿರುಗಿಸುತ್ತದೆ ಎನ್ನಿ. ಓಗರ್ ಎಂಬ ದೈತ್ಯ ಜೀವಿ ಒಂದು ಏಟಿಗೆ ಸರಾಸರಿ ಹದಿಮೂರು ಕೀಳುತ್ತದೆ. ಆರ್ಮರ್ ಕ್ಲಾಸ್ 15 ಇರುವವನನ್ನು ಅದು ಶೇ 60ರಷ್ಟು ಸಲ ತಾಗುವುದರಿಂದ ಸುತ್ತಿಗೆ ಸರಾಸರಿ 7.8. ಇನ್ನೂ ನಿಂತಿರುವ ಗೆಳೆಯನಿಗೆ ಮಂತ್ರ ಹಾಕುತ್ತ ಹೋದರೆ ಓಗರ್‌ನ ವೇಗಕ್ಕೂ ಸಮನಾಗುವುದಿಲ್ಲ. ಬಿದ್ದಿರುವ ಗೆಳೆಯನಿಗೆ ಹಾಕಿದರೆ ಅದೇ ಏಳೂವರೆ ಪಾಯಿಂಟ್ ಒಂದಿಡೀ ಸರದಿಯನ್ನು, ಒಂದಿಡೀ ದಾಳಿಯನ್ನು ಮರಳಿ ಕೊಳ್ಳುತ್ತದೆ.

ಎಲ್ಲ ಆಟಗಳೂ ಇಪ್ಪತ್ತು ಮುಖದ ಚಪ್ಪಟೆ ದಾಳವನ್ನು ಬಳಸುವುದಿಲ್ಲ. 1986ರಲ್ಲಿ ಬಂದ ಗರ್ಪ್ಸ್ ಆಟದಲ್ಲಿ ಮೂರು ಆರುಮುಖದ ದಾಳಗಳ ಮೊತ್ತ ಕೌಶಲದ ಅಂಕಕ್ಕೆ ಸಮ ಅಥವಾ ಕಡಿಮೆ ಬರಬೇಕು. ಮೂರು ದಾಳಗಳ ಮೊತ್ತ ನಡುವಿನಲ್ಲಿ ಗುಂಪುಗೂಡುತ್ತದೆ, ತುದಿಗಳಲ್ಲಿ ಅಪರೂಪವಾಗುತ್ತದೆ. ಈ ದಾಳಗಳಿಗೆ ಒಂದು ಹಳೆಯ ಪ್ರತಿಷ್ಠೆಯೂ ಇದೆ: ಮೊತ್ತ 9 ಮತ್ತು ಮೊತ್ತ 10 ಎರಡನ್ನೂ ಆರಾರು ಬಗೆಯ ಸಂಯೋಜನೆಗಳಿಂದ ಪಡೆಯಬಹುದಾದರೂ 10 ಹೆಚ್ಚು ಸಲ ಬೀಳುವುದೇಕೆ ಎಂಬುದನ್ನು ವಿವರಿಸಿದವನು ಗೆಲಿಲಿಯೊ. 216 ಸಾಧ್ಯತೆಗಳಲ್ಲಿ 9 ಬರುವುದು 25 ಸಲ, 10 ಬರುವುದು 27 ಸಲ. ಇಷ್ಟು ಸಣ್ಣ ಅಂತರವನ್ನು ಬರಿ ಆಡಿ ಆಡಿಯೇ ಗಮನಿಸಿದ ಜೂಜುಗಾರರ ತಾಳ್ಮೆಗೆ ನಾನು ಗೆಲಿಲಿಯೊನ ಬುದ್ಧಿಗಿಂತ ಹೆಚ್ಚು ಬೆರಗಾಗುತ್ತೇನೆ. ಆಟಕ್ಕೆ ಮರಳಿದರೆ, ಗರ್ಪ್ಸ್‌ನಲ್ಲಿ ಕೌಶಲ 10ರಿಂದ 11ಕ್ಕೆ ಏರಿದರೆ ಸಾಧ್ಯತೆ ಶೇ 50ರಿಂದ 62.5ಕ್ಕೆ ನೆಗೆಯುತ್ತದೆ, 15ರಿಂದ 16ಕ್ಕೆ ಏರಿದರೆ ಮೂರು ಅಂಶವೂ ಸಿಗುವುದಿಲ್ಲ. ಹಾಗಾಗಿ ಅಲ್ಲಿ ನಿಪುಣನೊಬ್ಬ ಕಣ್ಣಿಗೋ ಕುತ್ತಿಗೆಗೋ ಗುರಿಯಿಟ್ಟು ದಂಡದ ಅಂಕಗಳನ್ನು ಹೊತ್ತುಕೊಳ್ಳುವುದು ದುಸ್ಸಾಹಸವಾಗುವುದಿಲ್ಲ. ತುದಿಯಲ್ಲಿ ವ್ಯರ್ಥವಾಗುತ್ತಿದ್ದ ಕೌಶಲವನ್ನು ಅವನು ಬೇರೆ ಕಡೆ ಖರ್ಚುಮಾಡುತ್ತಾನೆ. ಸಾಧಾರಣ ಕೌಶಲದವನು ಅದೇ ದಂಡ ಹೊತ್ತರೆ ಮುಳುಗುತ್ತಾನೆ.

2019ರ ಪಾತ್‌ಫೈಂಡರ್ ಎರಡನೇ ಆವೃತ್ತಿ ಇಪ್ಪತ್ತು ಮುಖದ ದಾಳವನ್ನೇ ಉಳಿಸಿಕೊಂಡು ಬೇರೊಂದು ಕುಶಲತೆ ಮಾಡಿತು. ಅಲ್ಲಿ ಬೇಕಾದ ಮೊತ್ತಕ್ಕಿಂತ ಹತ್ತು ಹೆಚ್ಚು ಬಂದರೆ ಕ್ರಿಟಿಕಲ್, ಹಾನಿ ಇಮ್ಮಡಿ. 8 ಬೇಕಾಗಿರುವವನು 18 ಅಥವಾ ಹೆಚ್ಚು ಬಿದ್ದರೆ ಇಮ್ಮಡಿ ಹೊಡೆಯುತ್ತಾನೆ. ಒಟ್ಟು ಲೆಕ್ಕದಲ್ಲಿ ಅವನ ಸರಾಸರಿ ಫಲ ಒಂದು ಪೂರ್ಣ ಏಟಿನ ಶೇ 80. ಇಬ್ಬರು ಎದುರುಬದುರು ನಿಂತು ಶತ್ರುವನ್ನು ನಡುವೆ ಸಿಕ್ಕಿಸಿದರೆ ಅವನ ರಕ್ಷಣೆ ಎರಡು ಅಂಕ ಇಳಿಯುತ್ತದೆ. ಆಗ 6 ಬಿದ್ದರೆ ತಾಗುತ್ತದೆ, 16 ಬಿದ್ದರೆ ಇಮ್ಮಡಿಯಾಗುತ್ತದೆ, ಫಲ ಶೇ 100ಕ್ಕೆ ಏರುತ್ತದೆ. ಎರಡು ಹೆಜ್ಜೆ ನಡೆದದ್ದಕ್ಕೆ ಹಾನಿಯಲ್ಲಿ ಕಾಲು ಪಾಲು ಏರಿಕೆ. ಅದೇ ಆಟದಲ್ಲಿ ಒಂದೇ ಸರದಿಯ ಮೂರನೇ ದಾಳಿಗೆ ಹತ್ತು ಅಂಕ ದಂಡ ಬೀಳುವುದರಿಂದ ಮೊದಲಿಗೆ 8 ಬೇಕಿದ್ದವನಿಗೆ ಕೊನೆಗೆ 18 ಬೇಕಾಗುತ್ತದೆ, ಫಲ ಶೇ 20. ಅದನ್ನು ಬಿಟ್ಟು ಗುರಾಣಿ ಎತ್ತಿಕೊಳ್ಳಬಹುದು, ಶತ್ರುವನ್ನು ಹೆದರಿಸಬಹುದು, ಒಂದಷ್ಟು ದೂರ ಸರಿದು ಅವನೂ ಒಂದು ಕ್ರಿಯೆಯನ್ನು ನಡೆಯಲು ಖರ್ಚುಮಾಡುವಂತೆ ಮಾಡಬಹುದು. ಐದನೇ ಆವೃತ್ತಿಯಿಂದ ಅಲ್ಲಿಗೆ ಬಂದವರಿಗೆ ಕೈಯಲ್ಲಿ ಕ್ರಿಯೆ ಉಳಿದಿದೆ ಎಂಬ ಒಂದೇ ಕಾರಣಕ್ಕೆ ಮೂರನೇ ಸಲವೂ ಬೀಸುವುದನ್ನು ಬಿಡಲು ಬಹಳ ಕಾಲ ಹಿಡಿಯುತ್ತದೆ.

ಇಷ್ಟರವರೆಗೆ ಹೇಳಿದ್ದು ಸರಾಸರಿ ಮತ್ತು ಹೊಸ್ತಿಲುಗಳ ಮಾತು. ಏರಿಳಿತದ ಮಾತು ಬೇರೆ. ಗಾಬ್ಲಿನ್ ತನ್ನ ಬದುಕಿನಲ್ಲಿ ಒಂದೇ ಕಾಳಗ ನೋಡುತ್ತದೆ, ವೀರರು ಎಲ್ಲ ಕಾಳಗಗಳನ್ನೂ ದಾಟಬೇಕು. ಶೇ 95ರಷ್ಟು ಗೆಲುವಿನ ಸಾಧ್ಯತೆಯಿರುವ ಕಾಳಗ ಸುರಕ್ಷಿತ ಎನಿಸುತ್ತದೆ, ಆದರೆ ಅಂಥ ಇಪ್ಪತ್ತು ಕಾಳಗಗಳನ್ನು ಸಾಲಾಗಿ ಗೆಲ್ಲುವ ಸಾಧ್ಯತೆ ಶೇ 36ಕ್ಕಿಂತ ತುಸು ಕಡಿಮೆ. ಶೇ 99 ಇದ್ದರೂ ಇಪ್ಪತ್ತರ ಕೊನೆಗೆ ಉಳಿಯುವುದು ಶೇ 82ರಷ್ಟು. ಆದ್ದರಿಂದ ಮೇಲುಗೈ ಇರುವ ಪಕ್ಷ ಏರಿಳಿತವನ್ನು ಕಡಿಮೆ ಮಾಡಬೇಕು, ಸೋಲುತ್ತಿರುವ ಪಕ್ಷ ಅದನ್ನು ಹೆಚ್ಚಿಸಬೇಕು. ಎಂಟು ಆರುಮುಖದ ದಾಳಗಳಷ್ಟು ಹಾನಿ ಮಾಡುವ ಫೈರ್‌ಬಾಲ್ ಮಂತ್ರದ ಸರಾಸರಿ 28. ನಾಲ್ಕರಲ್ಲಿ ಸುಮಾರು ಮೂರು ಸಲ ಅದು 23 ಮತ್ತು 33ರ ನಡುವೆಯೇ ಬೀಳುತ್ತದೆ, ಮಂತ್ರದಿಂದ ಪಾರಾಗಲು ಶತ್ರು ಉರುಳಿಸುವ ರಕ್ಷಣೆಯ ಎಸೆತವನ್ನು ಅವನು ಗೆದ್ದರೂ ಅರ್ಧ ಹಾನಿ ತಪ್ಪುವುದಿಲ್ಲ. ಗೆಲ್ಲುತ್ತಿರುವವರ ಆಯುಧ ಅದು. ಶತ್ರುವನ್ನು ಅಲುಗಾಡದಂತೆ ಕಟ್ಟಿಹಾಕುವ ಹೋಲ್ಡ್ ಪರ್ಸನ್‌ನಂಥ ಮಂತ್ರ ತಾಗಿದರೆ ಕಾಳಗವೇ ಮುಗಿಯಬಹುದು, ತಪ್ಪಿದರೆ ಸರದಿ ಪೂರ್ತಿ ನೀರುಪಾಲು. ಸೋಲು ಕಣ್ಣೆದುರಿಗಿದ್ದಾಗ ಅದನ್ನೇ ಹಾಕಬೇಕು. ಬಹಳ ಗುಂಪುಗಳು ಇದನ್ನು ತಿರುಗುಮುರುಗು ಮಾಡುತ್ತವೆ: ಗೆಲ್ಲುವಾಗ ಮೋಜಿಗೆಂದು ಸಾಹಸ, ಸೋಲುವಾಗ ಹೆದರಿಕೆಯಿಂದ ಸಣ್ಣ ಸಣ್ಣ ಏಟುಗಳು.

ದಾಳಕ್ಕೆ ನೆನಪಿಲ್ಲ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ, ಆದರೂ ನಾಲ್ಕು ಸಲ ತಪ್ಪಿದವನು ಐದನೆಯದು ತಾಗಲೇಬೇಕು ಎಂಬಂತೆ ಯೋಜನೆ ಹಾಕುತ್ತಾನೆ. ಶೇ 65ರ ಸಾಧ್ಯತೆಯವನು ನಾಲ್ಕು ಸಲ ಸಾಲಾಗಿ ತಪ್ಪುವುದು ನೂರರಲ್ಲಿ ಒಂದೂವರೆ ಸಲ. ಐದನೆಯದು ಮತ್ತೆ ಶೇ 65, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಕೊನೆಯದಾಗಿ, ಸಹಜ 1 ಬಿದ್ದರೆ ಆಯುಧ ಕೈಜಾರಬೇಕು ಎಂಬ ಮನೆನಿಯಮದ ಬಗ್ಗೆ. ಹಾಸ್ಯಕ್ಕೆ ಚೆನ್ನಾಗಿದೆ ಎಂದು ಬಹಳ ಮೇಜುಗಳಲ್ಲಿ ಇದನ್ನು ಬಳಸುತ್ತಾರೆ. ಆದರೆ ಐದನೇ ಆವೃತ್ತಿಯ ಫೈಟರ್ ಹನ್ನೊಂದನೇ ಹಂತದಲ್ಲಿ ಸುತ್ತಿಗೆ ಮೂರು ದಾಳಿ ಮಾಡುತ್ತಾನೆ, ಮೂರರಲ್ಲಿ ಒಂದಾದರೂ ಸಹಜ 1 ಬೀಳುವ ಸಾಧ್ಯತೆ ಶೇ 14ಕ್ಕೂ ಹೆಚ್ಚು. ನಾಲ್ಕು ಸುತ್ತಿನ ಕಾಳಗದಲ್ಲಿ ಹನ್ನೆರಡು ಎಸೆತಗಳು, ಒಮ್ಮೆಯಾದರೂ ಕತ್ತಿ ಕೈಬಿಡುವ ಸಾಧ್ಯತೆ ಶೇ 46ರಷ್ಟು. ಅದೇ ಕಾಳಗದಲ್ಲಿ ಸುತ್ತಿಗೆ ಒಮ್ಮೆ ಮಾತ್ರ ಬೀಸುವ, ಇವತ್ತಷ್ಟೇ ಕತ್ತಿ ಹಿಡಿದ ಹುಡುಗನಿಗೆ ಅದು ಶೇ 18.5. ರಕ್ಷಣೆಯ ಎಸೆತವನ್ನು ಶತ್ರುವಿನ ಕೈಗೆ ಕೊಟ್ಟು ಕೂತ ಮಂತ್ರವಾದಿಗೆ ಸೊನ್ನೆ. ನನ್ನ ಮೇಜಿನಲ್ಲಿ ಈ ನಿಯಮ ಇಲ್ಲ. ಆಟಗಾರರು ಹಟ ಹಿಡಿದಾಗ ಮಾತ್ರ, ಸರದಿಯ ಮೊದಲ ದಾಳಿಯಲ್ಲಿ ಬಿದ್ದ ಸಹಜ 1ನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇನೆ, ಆಗ ಕನಿಷ್ಠಪಕ್ಷ ಫೈಟರ್ ಮತ್ತು ಆ ಹುಡುಗ ಸಮಾನರಾಗುತ್ತಾರೆ.